ಹೆಸರಲ್ಲಿ ‘ಗೌಡ’ ಇಲ್ಲ ಅಂತ ಎಷ್ಟು ಸಲ ಅಲೆಸ್ತೀರಿ?

ಈ ತಿಂಗಳಲ್ಲಿ ಮೂರನೇ ಸಲ ದೊಡ್ಡಪ್ಪನನ್ನು ಸೈನಿಕ ಕಲ್ಯಾಣ ಕಚೇರಿಗೆ ಕರೆದುಕೊಂಡು ಹೋಗಿ ಬರಿಗೈಯಲ್ಲಿ ವಾಪಸ್ ಬಂದೆ. ಅವರಿಗೆ 76 ವರ್ಷ. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದವರು. ಮನೆ ಕಷ್ಟಕ್ಕೆ 15 ವರ್ಷ ಸರ್ವಿಸ್ ತುಂಬುವ ಮೊದಲೇ ಬಿಟ್ಟು ಬಂದರು. ಹಾಗಾಗಿ ಪೆನ್ಷನ್ ಇಲ್ಲ. ಪೆನ್ಷನ್ ಇಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೆ ಅಂತ ತಿಂಗಳ ಸಹಾಯಧನ ಇದೆಯಲ್ಲ, ಅದಕ್ಕೆ ಅರ್ಜಿ.

ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್‌ನಲ್ಲಿ ಹೆಸರಿನ ಜೊತೆ ‘ಗೌಡ’ ಇಲ್ಲ, ಆಧಾರ್‌ನಲ್ಲಿ ಇದೆ. ಇಷ್ಟೇ ತಕರಾರು! ಅಫಿಡವಿಟ್ ತನ್ನಿ ಅಂದರು, ತಂದೆವು. ಈಗ ಅದರ ಒಕ್ಕಣೆ ಸರಿಯಿಲ್ಲವಂತೆ. ಮೊದಲ ದಿನವೇ ಒಂದು ಚೀಟಿಯಲ್ಲಿ ಎಲ್ಲಾ ಬರೆದುಕೊಡೋಕೆ ಏನು ಕಷ್ಟ?

ಕುರ್ಚಿ ಖಾಲಿ ಇದ್ದರೂ ಯಾರೂ ಕೂರಿ ಅನ್ನಲಿಲ್ಲ. ಮೊಮ್ಮಗನ ವಯಸ್ಸಿನ ಗುಮಾಸ್ತನ ಮುಂದೆ ದೊಡ್ಡಪ್ಪ ಅಟೆನ್ಷನ್‌ನಲ್ಲಿ ನಿಂತಿದ್ದರು. ಮಂಡಿ ನಡುಗುತ್ತಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

ಬಸ್ಸಲ್ಲಿ ಆ ಹಳೇ ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಾ ಕೇಳಿದರು, “ಬಸ್ ಚಾರ್ಜು ಎಷ್ಟಾಯ್ತೋ ಮಗಾ?”