ಮೇದೋಜೀರಕದ ಕ್ಯಾನ್ಸರಿಗೆ ‘ಬರೀ ಬೆಳಕು’ ಸಾಕೆ?

ನಮ್ಮ ಸೋದರಮಾವನವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆಯೆಂದು ತಿಳಿದ ವಾರದೊಳಗೇ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬೆಳಕಿನ ಚಿಕಿತ್ಸೆಯ ವಿಡಿಯೊ ಒಂದು ಬಂದಿತು. ಮಾವ ಅದನ್ನು ಎರಡು ಸಲ ನೋಡಿ, “ಕಿಮೊ ಹಿಂಸೆಗಿಂತ ಇದೇ ವಾಸಿಯಲ್ಲವೇನೋ, ಬರೀ ಬೆಳಕು ತಾನೇ?” ಎಂದು ನನ್ನನ್ನು ಕೇಳಿದರು. ನಾನು ವೈದ್ಯನಲ್ಲ. ಆದರೂ ಅವರಿಗಾಗಿ ಕುಳಿತು ಓದಿದ್ದನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಫೋಟೊಡೈನಮಿಕ್ ಥೆರಪಿ ಎಂಬ ಈ ವಿಧಾನ ಬೊಗಳೆಯಲ್ಲ. ಬೆಳಕಿಗೆ ಸ್ಪಂದಿಸುವ ಔಷಧವನ್ನು ರಕ್ತನಾಳದ ಮೂಲಕ ಕೊಟ್ಟು, ಅದು ಗಡ್ಡೆಯನ್ನು ಸೇರಿದ ಮೇಲೆ ಗೊತ್ತಾದ ತರಂಗಾಂತರದ ಲೇಸರ್ ಬೆಳಕನ್ನು ಹಾಯಿಸಿದರೆ, ಅಲ್ಲಿರುವ ಆಮ್ಲಜನಕವು ಉಗ್ರರೂಪ ತಾಳಿ ಸುತ್ತಲಿನ ಜೀವಕೋಶಗಳನ್ನು ಕೊಲ್ಲುತ್ತದೆ. 1900ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ, ಅಕ್ರಿಡಿನ್ ಬಣ್ಣ ಹೀರಿದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕು ಬಿದ್ದಾಗ ಸಾಯುವುದನ್ನು ಕಂಡದ್ದೇ ಇದರ ಮೂಲ. ಅನ್ನನಾಳದ ಕ್ಯಾನ್ಸರ್ ರೋಗಿಗಳ ಉಪಶಮನಕ್ಕೆ 1995ರಲ್ಲೇ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು.

ತೊಡಕಿರುವುದು ಜಾಗದಲ್ಲಿ. ಬೆಳಕು ಅಂಗಾಂಶದೊಳಗೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಇಳಿದೀತು. ಮೇದೋಜೀರಕವಾದರೋ ಜಠರದ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಂತೆ ಅಡಗಿದೆ. ಆದ್ದರಿಂದ ಸೂಜಿಯ ಮೂಲಕ ಸಣ್ಣ ಬೆಳಕಿನ ತಂತುಗಳನ್ನು ಗಡ್ಡೆಯೊಳಕ್ಕೇ ತೂರಿಸಬೇಕಾಗುತ್ತದೆ. ಲಂಡನ್ನಿನ ವೈದ್ಯರು ಸಿ.ಟಿ. ಸ್ಕ್ಯಾನ್ ನೆರವಿನಿಂದ ಹೀಗೆಯೇ ಮಾಡಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ 16 ರೋಗಿಗಳಲ್ಲಿ ಎಲ್ಲರ ಗಡ್ಡೆಯಲ್ಲೂ ಒಂದಷ್ಟು ಭಾಗ ಸತ್ತಿತು, ಏಳು ಮಂದಿ ಚಿಕಿತ್ಸೆಯ ನಂತರ ಒಂದು ವರ್ಷಕ್ಕೂ ಬದುಕಿದ್ದರು. ಆದರೆ ಗಡ್ಡೆ ರಕ್ತನಾಳಕ್ಕೆ ತಾಗಿಕೊಂಡಿದ್ದ ಇಬ್ಬರಿಗೆ ರಕ್ತಸ್ರಾವವಾಯಿತು, ಮೂವರಿಗೆ ಸಣ್ಣಕರುಳಿನ ಆರಂಭದ ಭಾಗ ಕಟ್ಟಿಕೊಂಡಿತು. ಅದೇ ಸ್ಥಿತಿಯಲ್ಲಿದ್ದು ಬೆಳಕಿನ ಚಿಕಿತ್ಸೆ ಪಡೆಯದವರೊಡನೆ ಹೋಲಿಸಿದ ಅಧ್ಯಯನ ಅದಲ್ಲ. ಹಾಗಾಗಿ ಆಯುಸ್ಸು ಹೆಚ್ಚಿತು ಎಂದು ಅದರಿಂದ ಹೇಳಲಾಗದು. ವಿಡಿಯೊದಲ್ಲಿ ಈ ಮಾತು ಮಾತ್ರ ಇರಲಿಲ್ಲ.

ಆಗ ಬಳಸಿದ ಔಷಧ ಕೊಟ್ಟ ಮೇಲೆ ರೋಗಿ ವಾರಗಟ್ಟಲೆ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಬೆಳಗಿನ ಬಿಸಿಲಲ್ಲಿ ಜಗಲಿಯ ಮೇಲೆ ಪೇಪರ್ ಓದದಿದ್ದರೆ ಮಾವನಿಗೆ ದಿನವೇ ಸಾಗದು! 2014ರಲ್ಲಿ ಪ್ರಕಟವಾದ 15 ರೋಗಿಗಳ ಅಧ್ಯಯನದಲ್ಲಿ, ಕಣ್ಣಿನ ಕಾಯಿಲೆಗೆ ಬಳಕೆಯಲ್ಲಿದ್ದ ವರ್ಟೆಪೋರ್ಫಿನ್ ಎಂಬ ಔಷಧವನ್ನು ಪ್ರಯೋಗಿಸಿದರು. ಅದು ದೇಹದಿಂದ ಬೇಗ ಹೊರಹೋಗುವುದರಿಂದ ಬಿಸಿಲಿನ ನಿರ್ಬಂಧ ಕೆಲವೇ ದಿನಗಳದ್ದು. ಆಮೇಲೆ ಎಂಡೊಸ್ಕೋಪಿಯ ಅಲ್ಟ್ರಾಸೌಂಡ್ (ಬಾಯಿಯಿಂದ ಇಳಿಸುವ, ತುದಿಯಲ್ಲಿ ಸ್ಕ್ಯಾನ್ ಇರುವ ಕೊಳವೆ) ಮೂಲಕ ಜಠರದ ಕಡೆಯಿಂದಲೇ ತಂತು ತೂರಿಸಿ, ನಂತರ ಕಿಮೊ ಕೊಟ್ಟು ನೋಡಿದವರೂ ಇದ್ದಾರೆ. ನನಗೆ ಹೆಚ್ಚು ಭರವಸೆ ಕಾಣುವುದು ಕಿಮೊವಿಗೆ ಜೊತೆಯಾಗುವ ಈ ದಾರಿಯಲ್ಲಿ. ಬೇರೆಡೆಗೆ ಹರಡಿದ ರೋಗವನ್ನು ಒಂದು ಗಡ್ಡೆಗೆ ಬಿಟ್ಟ ಬೆಳಕು ತಲುಪಲಾರದು.

ನನಗೆ ಸಿಟ್ಟು ಬರುವುದು ಕೆಂಪು ದೀಪದ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿಕೊಂಡರೆ ಕ್ಯಾನ್ಸರ್ ಕರಗುತ್ತದೆಂದು ಮಾರುವವರ ಮೇಲೆ. ಔಷಧವಿಲ್ಲದ, ಗಡ್ಡೆಯನ್ನು ಮುಟ್ಟದ ಆ ದೀಪಕ್ಕೂ ಈ ಚಿಕಿತ್ಸೆಗೂ ಏನೇನೂ ಸಂಬಂಧವಿಲ್ಲ. ಯಾರಾದರೂ ಇದನ್ನು ಪ್ರಯೋಗವಾಗಿ ಕೊಡುತ್ತೇವೆಂದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಬೇಕು. 2009ರಿಂದ ನೋಂದಣಿ ಕಡ್ಡಾಯ, ಅದರ ಜಾಲತಾಣವನ್ನು ಯಾರು ಬೇಕಾದರೂ ನೋಡಬಹುದು.

ಮಾವ ಕಿಮೊ ಬಿಟ್ಟಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಕೇಳಲೆಂದು, ತಮ್ಮ ಗಡ್ಡೆ ಯಾವ ರಕ್ತನಾಳಕ್ಕೆ ತಾಗಿಕೊಂಡಿದೆ ಎಂಬ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.