ಸಾರ್, ಇದ್ಯಾವ ಜರಿ?

ಮಳೆ ಬಿದ್ದ ಮರುದಿನ ಬೆಳಿಗ್ಗೆ ಆರೂವರೆಗೆ ವಾಟ್ಸಾಪ್ ಟಿಣ್ ಎನ್ನುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯಿಂದಲೋ, ಚಾಮುಂಡಿ ಬೆಟ್ಟದ ಮೆಟ್ಟಿಲ ಪಕ್ಕದ ಪೊದೆಯಿಂದಲೋ ಬಂದ ಫೋಟೊ. ಅದರಲ್ಲಿ ಮುಕ್ಕಾಲು ಪಾಲು ಕಳಿಸಿದವರ ಚಪ್ಪಲಿ. ಉಳಿದ ಕಾಲು ಪಾಲಿನಲ್ಲಿ ಮಂಜುಮಂಜಾಗಿ, ಕರಿದು ಸೀದ ಚಕ್ಕುಲಿಯಂಥದ್ದೇನೋ. ಕೆಳಗೆ ಪ್ರಶ್ನೆ: 'ಸಾರ್, ಇದ್ಯಾವ ಜರಿ?'

ಜರಿ ಅಲ್ಲ ಸ್ವಾಮಿ. ದೊಡ್ಡ ಜರಿಯನ್ನು ಕೆಣಕಿದರೆ ಓಡುತ್ತದೆ, ಇಲ್ಲವೇ ಕಚ್ಚುತ್ತದೆ. ನಿಮಗಾಗಿ ಚಕ್ಕುಲಿ ಸುತ್ತಿಕೊಂಡು ಕೂರುವುದಿಲ್ಲ. ಇದು ಸಹಸ್ರಪದಿ. ಮಕ್ಕಳ ಬಾಯಲ್ಲಿ ರೈಲುಹುಳ, ಕರಾವಳಿಯವರಿಗೆ ಚೋರಟೆ. ಜರಿಗೆ ಮೈಯ ಒಂದೊಂದು ಬಳೆಗೆ ಒಂದೊಂದೇ ಜೊತೆ ಕಾಲು, ಅದೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ರೈಲುಹುಳಕ್ಕೆ ಹೆಚ್ಚಿನ ಬಳೆಗಳಲ್ಲಿ ಎರಡೆರಡು ಜೊತೆ, ಹೊಟ್ಟೆಯಡಿ ಅಚ್ಚುಕಟ್ಟಾಗಿ ಸೇರಿಕೊಂಡಿರುತ್ತದೆ. ಕತ್ತಿನ ಬಳೆಗೆ ಮಾತ್ರ ಕಾಲೇ ಇಲ್ಲ, ಅದರ ಹಿಂದಿನ ಮೂರಕ್ಕೆ ಒಂದೊಂದೇ ಜೊತೆ.

'ಹಾಗಾದ್ರೆ ನಿಜವಾಗ್ಲೂ ಸಾವಿರ ಕಾಲಾ?' ಎಂಬುದು ಎರಡನೇ ಮೆಸೇಜು. ಇಲ್ಲ. ಸಾವಿರ ದಾಟಿದ ಮೊದಲ ಸಹಸ್ರಪದಿ ಲೋಕಕ್ಕೆ ಗೊತ್ತಾದದ್ದೇ 2021ರಲ್ಲಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ನೆಲದಡಿ 60 ಮೀಟರ್ ಆಳದ ಕೊಳವೆಯಲ್ಲಿ ಸಿಕ್ಕಿತು, 1,306 ಕಾಲು. ಅಲ್ಲಿಯವರೆಗೆ ಹೆಸರಿಟ್ಟವರ ಮಾತು ಬರೀ ಬೊಗಳೆ. ಮೊಟ್ಟೆಯಿಂದ ಬಂದಾಗ ಮರಿಗೆ ಸಾಮಾನ್ಯವಾಗಿ ಮೂರೇ ಜೊತೆ ಕಾಲು, ಪೊರೆ ಬಿಟ್ಟ ಹಾಗೆಲ್ಲ ಬಳೆಯೂ ಕಾಲೂ ಕೂಡಿಕೊಳ್ಳುತ್ತವೆ. ಹಾಗಾಗಿ ಕಾಲೆಣಿಸಿ ಹೆಸರು ಕೇಳುವುದೆಂದರೆ ಹಲ್ಲೆಣಿಸಿ ಮಗುವಿನ ಗೋತ್ರ ಕೇಳಿದ ಹಾಗೆ.

ಇಷ್ಟಾದರೂ ಸಹಿಸಬಹುದು. ಸಹಿಸಲಾಗದ್ದು ಕೋಲಿನ ಯಜಮಾನರನ್ನು.

ಎಲ್ಲ ವಾಕಿಂಗ್ ಹಾದಿಗೂ ಇವರೊಬ್ಬರು ಇರುತ್ತಾರೆ. ಮಂಕಿ ಕ್ಯಾಪು, ಬಿಳಿ ಶೂ, ಬೀದಿನಾಯಿಗೆಂದು ತಂದ ಕೋಲು. ನಾಯಿಗಳಿಗೆ ಇವರ ಪರಿಚಯವಾಗಿ ವರ್ಷಗಳಾಗಿರುವುದರಿಂದ ಕೋಲಿಗೆ ಕೆಲಸವಿಲ್ಲ. ರೈಲುಹುಳ ಕಂಡಿತೋ, ತಿವಿತ. ಯಾಕೆ ಸಾರ್ ಎಂದರೆ, 'ಏನಿಲ್ಲ, ಜೀವ ಐತಾ ನೋಡ್ದೆ.' ಅದುವರೆಗೆ ಆರಾಮಾಗಿ ನಡೆದುಹೋಗುತ್ತಿದ್ದದ್ದು ಮುದುರಿಕೊಳ್ಳುತ್ತದೆ. ಗಟ್ಟಿ ಬೆನ್ನು ಹೊರಗೆ, ಮೆತ್ತನೆ ಹೊಟ್ಟೆ ಒಳಗೆ. ಅದಕ್ಕಿರುವ ಕೋಟೆ ಅದೊಂದೇ. ತಕ್ಷಣ ಯಜಮಾನರ ದೂರು: 'ಥೂ, ಮುದುರ್ಕೊಂಬಿಡ್ತು ಸಾರ್, ಇನ್ ಹೆಂಗ್ ನೋಡೋದು?'

ಬಿಡಿಸಲು ಮತ್ತೆ ತಿವಿತ. ಇನ್ನಷ್ಟು ಬಿಗಿ. ಕೊನೆಗೆ ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ. ಹುಳ ಕಚ್ಚುವುದಿಲ್ಲ, ಆದರೆ ಮೈಯ ಎರಡೂ ಬದಿಯ ಸಣ್ಣ ರಂಧ್ರಗಳಿಂದ ರಸ ಜಿನುಗಿಸುತ್ತದೆ. ಉರುಟು ಜಾತಿಗಳಲ್ಲಿ ಅದು ಕ್ವಿನೋನ್ ಎಂಬ ರಾಸಾಯನಿಕ. ಟಿಂಚರ್ ಹಚ್ಚಿದಂಥ ಘಾಟು, ಬೆರಳಿಗೆ ಕಂದು ಕಲೆ. ಸೋಪು ಹಾಕಿ ತೊಳೆದರೆ ರಸ ಹೋಗುತ್ತದೆ; ಕಲೆ ಮಾತ್ರ ಚುನಾವಣೆ ಶಾಯಿಯ ಹಾಗೆ ದಿನಗಟ್ಟಲೆ ಉಳಿಯುತ್ತದೆ. ಯಜಮಾನರು ತೊಳೆಯುವುದಿಲ್ಲ. ಅದೇ ಬೆರಳಲ್ಲಿ ಕನ್ನಡಕ ಸರಿಸಿ ಕಣ್ಣುಜ್ಜಲು ಹೊರಡುತ್ತಾರೆ. ಆಗ ಮಾತ್ರ ಸಂಕೋಚ ಬಿಟ್ಟು ಕೈ ಹಿಡಿದು ನಿಲ್ಲಿಸಬೇಕು, ಕಣ್ಣಿಗೆ ಬಿದ್ದರೆ ತಮಾಷೆಯಲ್ಲ. ಬಿದ್ದೇಬಿಟ್ಟರೆ ಚೆನ್ನಾಗಿ ನೀರು ಹುಯ್ದು ಡಾಕ್ಟರ ಬಳಿ ಹೋಗಬೇಕು. ಇಷ್ಟೆಲ್ಲ ಆದ ಮೇಲೆ ಎಡಗೈಯಲ್ಲಿ ಫೋಟೊ. ಅದರಲ್ಲಿ ಸ್ಪಷ್ಟವಾಗಿ ಕಾಣುವುದು ಕೋಲಿನ ತುದಿ.

ಮಾಡಬೇಕಾದದ್ದು ಇಷ್ಟೆ: ಐದು ನಿಮಿಷ ಸುಮ್ಮನಿರುವುದು. ಮೊದಲು ಮೀಸೆಯೆರಡು ಹೊರಬಂದು ನೆಲ ತಟ್ಟಿ ನೋಡುತ್ತವೆ, ಆಮೇಲೆ ಸುರುಳಿ ಬಿಚ್ಚುತ್ತದೆ. ನಡೆಯತೊಡಗಿದರೆ ಕಾಲುಗಳ ಮೇಲೆ ಅಲೆ ಸರಿಯುತ್ತದೆ, ಮಂಡ್ಯದ ನಾಲೆ ಬಯಲಲ್ಲಿ ಭತ್ತದ ಪೈರಿನ ಮೇಲೆ ಗಾಳಿ ಹಾದ ಹಾಗೆ. ಆದರೆ ಯಜಮಾನರಿಗೆ ಐದು ನಿಮಿಷ ಪುರುಸೊತ್ತಿಲ್ಲ. ಕಲ್ಲುಬೆಂಚಿನ ಮೇಲೆ ರಾಜಕೀಯಕ್ಕೆ ಮುಕ್ಕಾಲು ಗಂಟೆ ಇರುತ್ತದೆ, ಅದು ಬೇರೆ ಲೆಕ್ಕ.

ಹುಡುಕಬೇಕಾದ ಜಾಗ ಹಾದಿಯಲ್ಲ, ಹಾದಿ ಬದಿ. ಹೊಂಗೆ ಮರದಡಿಯ ತರಗೆಲೆ, ಕೊಳೆತ ದಿಮ್ಮಿ, ತೇವದ ಕಲ್ಲಿನಡಿ. ಕಲ್ಲನ್ನು ಆಚೆ ಅಂಚು ಹಿಡಿದು ನಿಮ್ಮ ಕಡೆಗೆ ವಾಲಿಸಿ ಎತ್ತಿ. ಒಳಗೆ ಚೇಳೋ ಹಾವೋ ಇದ್ದರೆ ನಿಮಗೂ ಅದಕ್ಕೂ ನಡುವೆ ಕಲ್ಲಿರುತ್ತದೆ. ನೋಡಿಯಾದ ಮೇಲೆ ಇದ್ದ ಹಾಗೇ ಇಡಿ, ಅದು ಯಾರದೋ ಮನೆಯ ಸೂರು. ಚಪ್ಪಟೆ ಬೆನ್ನಿನದು, ಸುಮಾರು ಇಪ್ಪತ್ತು ಬಳೆ, ಕಣ್ಣಿಲ್ಲ ಎಂದಾದರೆ ಅದರದು ಬೇರೆಯೇ ಗುಂಪು. ಅದರ ರಸಕ್ಕೆ ಕಹಿಬಾದಾಮಿ ವಾಸನೆ, ಜೊತೆಗೆ ಸೈನೈಡ್. ಮೂಸುವ ಶೋಕಿ ಬೇಡ. ಹೂಕುಂಡದಡಿ ಉಂಡೆಯಾಗುವ ಬೂದು ಹುಳ ಸಹಸ್ರಪದಿಯೇ ಅಲ್ಲ. ಏಳೇ ಜೊತೆ ಕಾಲಿನ ಅದು ಏಡಿ-ಸಿಗಡಿಗಳ ನೆಂಟ. ನಿಜವಾದ ಉಂಡೆ ಸಹಸ್ರಪದಿ ನೋಡಬೇಕೆಂದರೆ ಪಶ್ಚಿಮ ಘಟ್ಟದ ಕಡೆ ಹೋಗಬೇಕು.

ಈಗ ತರಗೆಲೆಯೇ ಉಳಿಯುತ್ತಿಲ್ಲ ಎನ್ನುವುದೂ ನಿಜ. ಬೆಳಗಾಗುವಷ್ಟರಲ್ಲಿ ಗುಡಿಸಿ, ರಾಶಿ ಹಾಕಿ, ಬೆಂಕಿ. ಉಳಿದ ಕಡೆ ಇಂಟರ್‌ಲಾಕ್ ಟೈಲ್ಸು. ಒಂದು ಕಾಲಕ್ಕೆ ಶಾಲೆಗೆ ಹೋಗುವ ಮಕ್ಕಳು ಸುರುಳಿ ಹುಳವನ್ನು ಅಂಗೈಲಿಟ್ಟು, ಉಸಿರು ಬಿಗಿಹಿಡಿದು, ಬಿಚ್ಚುವುದನ್ನೇ ಕಾಯುತ್ತಿದ್ದರು. ಕೈ ಕಲೆಯಾದದ್ದಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು. ಈಗ ಮಳೆ ನಿಂತ ಬೆಳಿಗ್ಗೆ ಟೈಲ್ಸ್ ಮೇಲೆ ಶೂ ಅಚ್ಚಿನಡಿ ಅಪ್ಪಚ್ಚಿಯಾದ ಬಳೆಗಳು.

ಇರಲಿ, ಫೋಟೊಕ್ಕೆ ಬರೋಣ. ಮೇಲಿಂದ ಒಂದು, ಪಕ್ಕದಿಂದ ಒಂದು, ತಲೆಯದೊಂದು, ಬಾಲದ ತುದಿಯದೊಂದು. ಅಳತೆಗೆ ಚಪ್ಪಲಿ ಬೇಡ. ಹತ್ತು ರೂಪಾಯಿ ನಾಣ್ಯವಿಡಿ, ಅದು ಎಲ್ಲರ ಜೇಬಿನಲ್ಲೂ 27 ಮಿಲಿಮೀಟರೇ. ಬಣ್ಣ ನಂಬಬೇಡಿ, ಪೊರೆ ಬಿಟ್ಟ ಹೊಸತರಲ್ಲಿ ಎಲ್ಲವೂ ಬಿಳಿಚಿಕೊಂಡಿರುತ್ತವೆ. ಮುಖ್ಯವಾದದ್ದು ಹೊಟ್ಟೆ. ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ತಳದಿಂದ ಫೋಟೊ ತೆಗೆಯಿರಿ. ತಲೆ ಬಿಟ್ಟು, ಕತ್ತಿನ ಬಳೆಯಿಂದ ಏಳು ಎಣಿಸಿ. ಬೆಳೆದ ಗಂಡಾದರೆ ಅಲ್ಲಿ ನಡೆಯುವ ಕಾಲಿನ ಬದಲು ಕೂಡುವುದಕ್ಕೆಂದು ಮಾರ್ಪಟ್ಟ ಅಂಗ. ಎಷ್ಟೋ ಸಲ ಒಳಗೆ ಸೇರಿಕೊಂಡು, ಸಾಲಿನಲ್ಲಿ ಹಲ್ಲು ಬಿದ್ದಂತೆ ಖಾಲಿ ಕಾಣುತ್ತದೆ. ತಜ್ಞರು ಸೂಕ್ಷ್ಮದರ್ಶಕದಡಿ ಜಾತಿ ಗುರುತಿಸುವುದು ಮುಖ್ಯವಾಗಿ ಅದರ ಆಕಾರದಿಂದಲೇ.

ಇದನ್ನೆಲ್ಲ ಟೈಪಿಸಿ ಕಳಿಸಿದರೆ, ಯಾವ ಪುಣ್ಯವೋ, ಒಮ್ಮೊಮ್ಮೆ ಫೋಟೊ ಸರಿಯಾಗಿಯೇ ಬರುತ್ತದೆ. ನಾಣ್ಯವಿದೆ, ಡಬ್ಬಿಯಿದೆ, ಹೊಟ್ಟೆ ನಿಚ್ಚಳವಾಗಿದೆ. ಜೊತೆಗೆ: 'ಏಳನೇ ಬಳೇಲೂ ಕಾಲಿದೆ ಸಾರ್.'

ಹಾಗಾದರೆ ಹೆಣ್ಣು, ಇಲ್ಲವೇ ಇನ್ನೂ ಮರಿ. ಜಾತಿ ಹೇಳುವುದು ಕಷ್ಟ ಎಂದು ಬರೆದರೆ ಎರಡು ನೀಲಿ ಗೆರೆ ಮೂಡುತ್ತವೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಟಿಣ್.

'ಸರಿ ಸಾರ್. ಗ್ರೂಪಲ್ಲಿ ಜರಿ ಅಂತ್ಲೇ ಹಾಕ್ಲಾ?'