ಸುತ್ತೋದು ಸುಲಭ, ಬಿಚ್ಚೋದು ಕಷ್ಟ

ಅಕ್ಕನ ಮಗ ಇಂಜಿನಿಯರಿಂಗ್ ಕೊನೇ ವರ್ಷ. ಮನೆಯಲ್ಲೇ ಬ್ಯಾಂಡೇಜ್ ಬದಲಿಸೋ ರೋಬೋಟ್ ಮಾಡ್ತೀವಿ ಅಂತ ಒಂದು ಚಿತ್ರ ತಂದು ತೋರಿಸಿದ. ಎರಡು ತೋಳು, ನಡುವೆ ಒಂದು ಕಾಲು, ಅದಕ್ಕೆ ಒಂದೂ ಸುಕ್ಕಿಲ್ಲದೆ ಸುತ್ತಿದ ಬಿಳಿ ಪಟ್ಟಿ. "ಹೇಗಿದೆ ಚಿಕ್ಕಮ್ಮ?" ಅಂದ. ಚೆನ್ನಾಗಿದೆ ಅಂದೆ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ: "ಹಳೇದನ್ನ ಬಿಚ್ಚೋರು ಯಾರೋ?"

ತಿಪಟೂರಿನ ಮನೆಯಲ್ಲಿ ಅಪ್ಪನ ಅಂಗಾಲಿನ ಹುಣ್ಣಿಗೆ ನಾಲ್ಕು ತಿಂಗಳು ಡ್ರೆಸಿಂಗ್ ಮಾಡಿದವಳು ನಾನು. ಹಳೇ ಶುಗರ್, ಪಾದಕ್ಕೆ ಜೋಮು. ಚಪ್ಪಲಿಯೊಳಗಿನ ಮೊಳೆ ಚುಚ್ಚಿದ್ದೂ ಗೊತ್ತಾಗಲಿಲ್ಲ. ನಮ್ಮದು ಕೆಂಪು ಗಾರೆ ನೆಲ, ರಕ್ತದ ಹೆಜ್ಜೆಯೂ ಕಾಣಲಿಲ್ಲ. ಸಂಜೆ ಬಚ್ಚಲ ಬಾಗಿಲ ಕಾಲೊರೆಸೋ ಬಟ್ಟೆ ಮೇಲೆ ಅಮ್ಮ ನೋಡಿದ್ದು.

ಪಟ್ಟಿ ಸುತ್ತೋದನ್ನ ಪಕ್ಕದ ಮನೆ ಹುಡುಗನೂ ಮಾಡಿಯಾನು. ಕಷ್ಟವೆಲ್ಲ ಅದಕ್ಕೂ ಮುಂಚೆ. ಒಂದು ಕೈಯಲ್ಲಿ ಹಿಮ್ಮಡಿ ಎತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಗಾಯ ತೊಳೆಯೋ ಸಲೈನ್ ನೀರು, ಟಾರ್ಚು ಬಾಯಲ್ಲಿ. ಹಿಮ್ಮಡಿ ಮುಟ್ಟಿದ ಕೈಯಲ್ಲಿ ಹೊಸ ಗಾಝ್ ಬಟ್ಟೆ ಮುಟ್ಟೋ ಹಾಗಿಲ್ಲ. ಅಮ್ಮನನ್ನ ಕರೆಯೋಣ ಅಂದರೆ ಅವಳಿಗೆ ರಕ್ತ ಕಂಡರೆ ತಲೆ ಸುತ್ತು. ಇನ್ನು ಹಳೇ ಗಾಝ್ ಒಣಗಿ ಅಂಟಿಕೊಂಡಿದ್ದರೆ ಮುಗೀತು, ಎಳೆದರೆ ಆಗಷ್ಟೇ ಚಿಗುರಿದ ಕೆಂಪು ಮಾಂಸವೂ ಜೊತೆಗೇ ಕಿತ್ತು ಬರುತ್ತೆ. ಸಲೈನ್ ಹನಿಸಿ, ನೆನೆಯೋವರೆಗೂ ಕಾಯಬೇಕು. ತೇವವಾಗಿಟ್ಟ ಗಾಯದ ಮೇಲೆ ಚರ್ಮ ಬೇಗ ಕೂಡುತ್ತೆ ಅಂತ ಜಾರ್ಜ್ ವಿಂಟರ್ ಅನ್ನೋ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು 1962ರಲ್ಲಿ. "ಗಾಳಿಗೆ ಬಿಡಿ, ಒಣಗಲಿ" ಅನ್ನೋರು ನಮ್ಮ ಬೀದಿಯಲ್ಲಿ ಇವತ್ತಿಗೂ ಮನೆಗೊಬ್ಬರಿದ್ದಾರೆ.

ರೋಬೋಟ್ ಬಗ್ಗೆ ನನಗೆ ಭಯವಾದದ್ದು ಇಲ್ಲೇ. ಬೇರೆಯವರಿಗಾದರೆ ಸ್ವಲ್ಪ ಜೋರಾಗಿ ಎಳೆದ ಕೂಡಲೇ "ಸ್ಸ್" ಅಂತಾರೆ, ನಮ್ಮ ಕೈ ತಾನಾಗಿ ನಿಲ್ಲುತ್ತೆ. ನಮ್ಮಪ್ಪ ಪೇಪರ್ ಓದುತ್ತಾ ಕೂತಿರ್ತಾರೆ! ಕೂಗದ ಕಾಲಿನ ಮೇಲೆ ಆ ಎರಡು ತೋಳುಗಳು ಎಲ್ಲಿಗೆ ನಿಲ್ಲಬೇಕು?

ಬೀಪ್ ಅನ್ನೋ ಸೆನ್ಸರ್ ಹಾಕ್ತೀನಿ ಅಂದ ಹುಡುಗ. ಅವನಿಗೆ ಡಾ. ಪಾಲ್ ಬ್ರ್ಯಾಂಡ್ ಕಥೆ ಹೇಳಿದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ರೋಗಿಗಳ ಬೆರಳುಗಳು ಸವೆದುಹೋಗೋದು ನೋವೇ ಗೊತ್ತಾಗದೆ ಆಗೋ ಗಾಯಗಳಿಂದ ಅಂತ ಕಂಡುಕೊಂಡವರು. ಮುಂದೆ ಅಮೆರಿಕದಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯಿದ್ದ ಕಾರ್ವಿಲ್‌ನಲ್ಲಿ ಕೃತಕ ನೋವು ಕೊಡೋಕೇ ಹೊರಟರು. ಕೈಕಾಲಿನ ಮೇಲೆ ಒತ್ತಡ ಹೆಚ್ಚಾದರೆ ಕಿವಿಯಲ್ಲಿ ಸದ್ದು. ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳದಿದ್ದಾಗ ಸಣ್ಣ ವಿದ್ಯುತ್ ಶಾಕ್. ಕೆಲಸಕ್ಕೆ ಅಡ್ಡ ಬಂತು ಅಂದರೆ ರೋಗಿಗಳು ಅದರ ಸ್ವಿಚ್ಚನ್ನೇ ಆರಿಸಿಬಿಡ್ತಿದ್ದರು. ಕೊನೆಗೆ ಆ ಯೋಜನೆಯನ್ನೇ ಕೈಬಿಡಬೇಕಾಯ್ತು. ನಮ್ಮಪ್ಪನೂ ಆರಿಸೋರೇ, ಅನುಮಾನ ಬೇಡ.

ಆದ್ದರಿಂದ ನನ್ನ ವಾದ ಇಷ್ಟು: ಯಂತ್ರ ಗಾಯ ಮುಟ್ಟೋದೇ ಬೇಡ. ಹಿಮ್ಮಡಿ ಹಿಡಿಯಲಿ, ಬೆಳಕು ಹಿಡಿಯಲಿ, ಅಂಗಾಲು ತೋರಿಸಲಿ. ಡ್ರೆಸಿಂಗ್ ಅಪ್ಪನೇ ಮಾಡಿಕೊಳ್ಳಲಿ.

ಕಾಲಿನ ಮೇಲೆ ಕಾಲು ಹಾಕಿ ಕೂತರೆ ಅಪ್ಪನ ಕೈಗೆ ಗಾಯ ಸಿಗುತ್ತೆ, ಕಣ್ಣಿಗೆ ಸಿಗಲ್ಲ, ಅಷ್ಟೇ ತೊಂದರೆ. ಕ್ಯಾಲಿಫೋರ್ನಿಯಾದ ಹೆನ್ರಿ ಇವಾನ್ಸ್ 2002ರಲ್ಲಿ ಸ್ಟ್ರೋಕ್ ಆಗಿ ಕೈಕಾಲು ಮಾತು ಎಲ್ಲ ಕಳೆದುಕೊಂಡವರು. ತಲೆ ಅಲುಗಿಸಿ ಪಿಆರ್2 ಅನ್ನೋ ರೋಬೋಟನ್ನ ನಡೆಸಿ ಮುಖ ತುರಿಸಿಕೊಂಡರು, ಗಡ್ಡ ಕೆರೆದುಕೊಂಡರು. ರೋಬೋಟ್ ಬಂದು ಅವರಿಗೆ ಕ್ಷೌರ ಮಾಡಲಿಲ್ಲ, ಅದನ್ನ ಹಿಡಿದುಕೊಂಡು ಅವರೇ ಮಾಡಿಕೊಂಡರು. ಅಪ್ಪ ಆ ನಾಲ್ಕು ತಿಂಗಳೂ ನನ್ನ ಮುಖ ನೋಡದೆ ಪೇಪರ್ ಓದಿದ್ದು ಯಾಕೆ ಅಂತ ನನಗೆ ಗೊತ್ತು. ಮಗಳ ಕೈಲಿ ಕೀವು ತೊಳೆಸಿಕೊಳ್ಳೋ ಸಂಕೋಚ. ಎಷ್ಟೋ ದಿನ ಪೇಪರ್ ಹಿಂದಿನ ದಿನದ್ದಾಗಿರ್ತಿತ್ತು.

ಆ ಹುಣ್ಣು ಮಾಗಿತು. ಈಗ ಪಕ್ಕದ ಬೆರಳ ಬುಡದಲ್ಲಿ ಇನ್ನೊಂದು, ಚಿಕ್ಕದು. ಹುಡುಗ ತೋಳುಗಳನ್ನ ಕೈಬಿಟ್ಟು, ಮೋಟಾರಿನಿಂದ ಏರಿಳಿಯೋ ಒಂದು ಹಿಮ್ಮಡಿ ತೊಟ್ಟಿಲು, ಒಂದು ದೀಪ, ಟಿವಿಗೆ ಚಿತ್ರ ಕಳಿಸೋ ಕ್ಯಾಮೆರಾ ಜೋಡಿಸಿದ. ಬ್ಯಾಟರಿ ಇರಲೇಬೇಕು ಅಂದೆ, ಕರೆಂಟಿನ ಕಥೆ ಗೊತ್ತಲ್ಲ. ಸಂದುಗೊಂದು ಇಲ್ಲದೆ ಒರೆಸೋಕೆ ಬರೋ ಹಾಗಿರಲಿ ಅಂತಲೂ ಅಂದೆ. ಮೊದಲ ದಿನ ಅಪ್ಪ ಎಡಕ್ಕೆ ಒರೆಸಲು ಹೋದರೆ ಟಿವಿಯಲ್ಲಿ ಕೈ ಬಲಕ್ಕೆ ಹೋಗ್ತಿತ್ತು. ಬೈದು ಇಟ್ಟರು. ಚಿತ್ರವನ್ನ ಕನ್ನಡಿಯ ಹಾಗೆ ತಿರುಗಿಸಿದ ಮೇಲೆ ಸರಿಹೋಯ್ತು, ಎಷ್ಟಾದರೂ ಐವತ್ತು ವರ್ಷ ಕನ್ನಡಿ ನೋಡಿಯೇ ಕ್ಷೌರ ಮಾಡಿಕೊಂಡ ಕೈ. ವಾಸನೆ ಮಾತ್ರ ಅಮ್ಮನ ಇಲಾಖೆ. ಗಾಯ ನೋಡಲ್ಲ, ಬಾಗಿಲಲ್ಲೇ ನಿಂತು "ಇವತ್ತು ಬೇರೆ ಥರ ಇದೆ, ಡಾಕ್ಟರಿಗೆ ತೋರಿಸಿ" ಅಂತಾಳೆ. ಹೋದ ಸಲ ಕೀವು ಮೊದಲು ಗೊತ್ತಾದದ್ದು ಅವಳ ಮೂಗಿಗೇ.

"ಇದರಲ್ಲಿ ರೋಬೋಟ್ ಎಲ್ಲಪ್ಪಾ ಇದೆ?" ಅಂದರಂತೆ ಅವನ ಗೈಡ್ ಮೇಷ್ಟ್ರು. ಮಾರ್ಕ್ಸು ಎಷ್ಟು ಬರುತ್ತೋ ನೋಡಬೇಕು. ಸದ್ಯಕ್ಕೆ ಅಪ್ಪನ ದೂರು ಒಂದೇ, ಗಾರೆ ನೆಲದ ಮೇಲೆ ಸ್ಟ್ಯಾಂಡ್ ಜಾರುತ್ತೆ. ಭಾನುವಾರ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಅದರ ಕಾಲಿಗೆ ಅಂಟಿಸೋಕೆ ಬರ್ತಾನೆ.